ಸ್ಟಾರ್ಟರ್ ಬೋರ್ಡು ಯಾಕೆ ಸುಟ್ಟಿತು? ರಾಜಾಜಿನಗರದಲ್ಲಿ ಸಿಕ್ಕ ಚರಿತ್ರೆ

ಕಳೆದ ಕಾರ್ತಿಕದಲ್ಲಿ ನಮ್ಮೂರ ಪಕ್ಕದ ತೋಟವೊಂದರಲ್ಲಿ ಬೋರ್‌ವೆಲ್ ನಿಂತುಹೋಯಿತು. ಮೋಟರ್ ಕೆಟ್ಟಿರಲಿಲ್ಲ, ಕೇಬಲ್ ಸರಿಯಿತ್ತು. ಸ್ಟಾರ್ಟರ್ ಪೆಟ್ಟಿಗೆ ತೆಗೆದರೆ ಅಂಗೈಯಗಲದ ಹಸಿರು ಬೋರ್ಡಿನ ಒಂದು ಮೂಲೆ ಇದ್ದಿಲಾಗಿತ್ತು. ಒಂದು ಫೇಸ್ ಹೋದಾಗ ಮೋಟರ್ ಸುಡದಂತೆ ಕಾಯಲಿ ಎಂದು ಕೂರಿಸಿದ್ದ ಬೋರ್ಡು ತಾನೇ ಸುಟ್ಟಿತ್ತು. ಹೊಸದು ಬರುವಷ್ಟರಲ್ಲಿ ಆರು ದಿನ ಕಳೆದವು. ಟೊಮೆಟೊ ಹೂವೆಲ್ಲ ಉದುರಿತು.

"ಹಲ್ಲಿ ಬಿದ್ದಿರುತ್ತೆ ಬಿಡಿ ಅಣ್ಣ" ಎಂದ ಮೆಕ್ಯಾನಿಕ್. ಹುಡುಕಿದೆವು. ಹಲ್ಲಿ ಸಿಗಲಿಲ್ಲ. ಹಾಗಾಗಿ ಸುಟ್ಟ ಬೋರ್ಡನ್ನು ಪೇಪರಿನಲ್ಲಿ ಸುತ್ತಿಕೊಂಡು, ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ರಾಜಾಜಿನಗರಕ್ಕೆ ಒಯ್ದೆವು. ಅಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥ ಬೋರ್ಡುಗಳ ನಕ್ಷೆ ಬರೆದ, ಈಗ ನಿವೃತ್ತರಾದ ಹಿರಿಯರೊಬ್ಬರು ನಮಗೆ ಪರಿಚಯ. ಅವರು ಬೋರ್ಡು ನೋಡಿ ಒಂದು ನಿಮಿಷದಲ್ಲಿ ಕಾರಣ ಹೇಳಿದರು. ಅದನ್ನು ಕೊನೆಗೆ ಹೇಳುತ್ತೇವೆ. ಅವರು ತೋರಿಸಿದ ಹಳೆಯ ತಪ್ಪುಗಳನ್ನು ನೋಡದೆ ಆ ಕಾರಣ ಅರ್ಥವಾಗುವುದಿಲ್ಲ.

ಮೊದಲು ಜಾಗದ ಮಾತು. ಮೆಜೆಸ್ಟಿಕ್‌ನಿಂದ ಪಶ್ಚಿಮಕ್ಕೆ ಹೋದರೆ ರಾಜಾಜಿನಗರ ಕೈಗಾರಿಕಾ ಎಸ್ಟೇಟ್ ಸಿಗುತ್ತದೆ. ಸಣ್ಣ ಕೈಗಾರಿಕೆಗಳಿಗೆ ಶೆಡ್ ಕಟ್ಟಿಕೊಡುವ ರಾಜ್ಯ ನಿಗಮದ ಕಚೇರಿ ಇರುವುದು ಇಲ್ಲೇ. ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರವೂ ಇಲ್ಲೇ. ದಕ್ಷಿಣಕ್ಕೆ ಮೈಸೂರು ರಸ್ತೆಯಲ್ಲಿ ರೆಮ್ಕೊ ಎಂಬ ಕಾರ್ಖಾನೆ ಇತ್ತು. ಅದರ ಪೂರ್ತಿ ಹೆಸರಲ್ಲೇ ರೇಡಿಯೊ ಇತ್ತು. ಅದು ಮುಂದೆ ಬಿಎಚ್‌ಇಎಲ್‌ಗೆ ಸೇರಿತು, ಹೆಸರು ಬಡಾವಣೆಗಳಲ್ಲಿ ಉಳಿಯಿತು. ಉತ್ತರಕ್ಕೆ ಜಾಲಹಳ್ಳಿಯಲ್ಲಿ 1954ರಲ್ಲಿ ಬಿಇಎಲ್ ಬಂತು, ಆಮೇಲೆ ಪೀಣ್ಯ ಬೆಳೆಯಿತು. ದೊಡ್ಡ ಕಾರ್ಖಾನೆಗಳ ನಡುವೆ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಸುಂಕದಕಟ್ಟೆಗಳಲ್ಲಿ ಸಣ್ಣ ಶೆಡ್‌ಗಳು ಎದ್ದವು. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಕಡೆಯ ಹುಡುಗರು ಬಸ್ಸಿಳಿದು ಸೇರಿದ್ದು ಇಂಥ ಶೆಡ್‌ಗಳಿಗೇ.

ಹಳೇ ವಾಲ್ವ್ ರೇಡಿಯೊ ಬಿಚ್ಚಿದವರಿಗೆ ಗೊತ್ತು, ಒಳಗೆ ವೈರುಗಳ ಗೂಡು. ಒಂದೊಂದು ವೈರನ್ನೂ ಕೈಯಲ್ಲೇ ಬೆಸೆಯಬೇಕಿತ್ತು. ಆಸ್ಟ್ರಿಯಾದಿಂದ ಲಂಡನ್ನಿಗೆ ಬಂದಿದ್ದ ಪಾಲ್ ಐಸ್ಲರ್ 1936ರಲ್ಲಿ ವೈರಿನ ಬದಲು ಹಲಗೆಯ ಮೇಲೆ ಅಂಟಿದ ತಾಮ್ರದ ಗೆರೆಗಳಿರುವ ರೇಡಿಯೊ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಶೆಲ್ಲುಗಳ ಫ್ಯೂಸಿಗೆ ಈ ಬಗೆಯ ಹಲಗೆ ಬಳಕೆಗೆ ಬಂತು, ಯುದ್ಧ ಮುಗಿದ ಮೇಲೆ ಮನೆಯ ಸಾಮಾನಿಗೂ ಇಳಿಯಿತು. ಇದರಿಂದ ಕೆಲಸ ಬೇಗವಾಯಿತು ನಿಜ. ಆದರೆ ವೈರು ಬೆಸೆಯುವವನು ತಪ್ಪಿದರೆ ಒಂದು ರೇಡಿಯೊ ಕೆಡುತ್ತಿತ್ತು. ನಕ್ಷೆ ಬರೆಯುವವನು ತಪ್ಪಿದರೆ ಸಾವಿರ ಬೋರ್ಡು ಒಟ್ಟಿಗೆ ಕೆಡುತ್ತವೆ.

ನಮ್ಮ ಹಿರಿಯರು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಮೇಲೆ, ಬೋರ್ಡಿನ ಎರಡರಷ್ಟು ದೊಡ್ಡದಾಗಿ, ಕಪ್ಪು ಟೇಪನ್ನು ಗೆರೆಗೆರೆಯಾಗಿ ಅಂಟಿಸಬೇಕು. ಕಾಲುಗಳು ಬರುವ ಕಡೆ ದುಂಡು ಸ್ಟಿಕ್ಕರ್. ಆಮೇಲೆ ಕ್ಯಾಮೆರಾದಲ್ಲಿ ಅರ್ಧಕ್ಕಿಳಿಸಿ ಫಿಲಂ ತೆಗೆದು, ಆ ಚಿತ್ರವನ್ನು ತಾಮ್ರದ ಹಾಳೆಗೆ ಇಳಿಸಿ, ಬೇಡದ ತಾಮ್ರವನ್ನು ಫೆರಿಕ್ ಕ್ಲೋರೈಡಿನಲ್ಲಿ ಕರಗಿಸುವುದು. ಹಾಳೆ ಬೀರುವಿನಲ್ಲಿ ಉಳಿದರೆ ಟೇಪು ಕುಗ್ಗಿ ಗೆರೆಯ ತುದಿ ಸರಿಯುತ್ತಿತ್ತು. ವರ್ಷದ ನಂತರ ಅದೇ ಹಾಳೆಯಿಂದ ಫಿಲಂ ತೆಗೆದರೆ ಎಲ್ಲೋ ಒಂದು ಕೊಂಡಿ ಕಡಿದಿರುತ್ತಿತ್ತು.

ಆ ಕಾಲದ ದೊಡ್ಡ ತಪ್ಪೆಂದರೆ ತಿರುವುಮುರುವು. ಬಿಡಿಭಾಗಗಳು ಬೋರ್ಡಿನ ಮೇಲ್ಗಡೆ ಕೂರುತ್ತವೆ, ತಾಮ್ರ ಕೆಳಗಡೆ ಇರುತ್ತದೆ. ಪಂಚಾಯಿತಿಯ ರಬ್ಬರ್ ಮೊಹರಿನ ಅಕ್ಷರ ಉಲ್ಟಾ ಕೊರೆದಿದ್ದರೆ ತಾನೇ ಕಾಗದದಲ್ಲಿ ನೇರ ಬೀಳುವುದು? ಹಾಗೆಯೇ ಇಲ್ಲೂ. ಫಿಲಂ ಮಗುಚಿ ಇಟ್ಟರೆ ಐಸಿಯ ಎಡಗಾಲು ಬಲಕ್ಕೆ ಬರುತ್ತದೆ. ಅದಕ್ಕೇ ಬೋರ್ಡಿನ ಮೂಲೆಯಲ್ಲಿ ಒಂದು ಅಕ್ಷರವನ್ನೋ ಹೆಸರನ್ನೋ ತಾಮ್ರದಲ್ಲೇ ಬರೆಯುವ ರೂಢಿ ಬಂತು. ತಾಮ್ರದ ಕಡೆಯಿಂದ ಅದು ನೇರವಾಗಿ ಓದಲು ಬಂದರೆ ಫಿಲಂ ಸರಿಯಿದೆ ಎಂದರ್ಥ. ಇಂದಿಗೂ ಹಳೇ ಬೋರ್ಡುಗಳಲ್ಲಿ ಅದನ್ನು ನೋಡಬಹುದು.

ಇನ್ನೊಂದು ತಪ್ಪಿನ ಬೇರು ಅಳತೆಯಲ್ಲಿದೆ. ನಮ್ಮ ದೇಶ 1956ರ ಕಾನೂನಿನಿಂದ ಮೆಟ್ರಿಕ್‌ಗೆ ಹೊರಳಿತು. ಐಸಿಗಳು ಮಾತ್ರ ಇಂಚಿನ ಲೆಕ್ಕದಲ್ಲೇ ಬಂದವು. ಕಾಲಿನಿಂದ ಕಾಲಿಗೆ ಇಂಚಿನ ಹತ್ತನೇ ಒಂದು ಪಾಲು, ಎಂದರೆ 2.54 ಮಿ.ಮೀ. ಗ್ರಾಫ್ ಹಾಳೆಯ ಮೇಲೆ ಬರೆಯುವವರು 2.5 ಎಂದುಕೊಂಡರು, 0.04ರಿಂದ ಏನಾದೀತು ಎಂದು. 40 ಕಾಲಿನ ಐಸಿಗೆ ಒಂದು ಸಾಲಿನಲ್ಲಿ 20 ಕಾಲು, ನಡುವೆ 19 ಸಂದು. ಕೊನೆಯ ಕಾಲಿಗೆ ಬರುವಷ್ಟರಲ್ಲಿ ತಪ್ಪು 0.76 ಮಿ.ಮೀ. ಆಗಿ, ಕಾಲು ತೂತಿನೊಳಗೆ ಇಳಿಯದು. ನಮಗಂತೂ ಇದು ಕೇಳಿ ಜಮೀನು ಸರ್ವೆಯ ಚೈನು ನೆನಪಾಯಿತು.

ಇಂಥದ್ದನ್ನೆಲ್ಲ ಗುರುವಿನಿಂದ ಶಿಷ್ಯನಿಗೆ, ಬೈಗುಳದ ಜೊತೆಗೆ ದಾಟಿಸುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಒಂದು ಒಳ್ಳೆಯ ಕೆಲಸವಾಯಿತು. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿಇಡಿಟಿ ಎಂಬ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕೇಂದ್ರ ತೆರೆಯಿತು. ಅಲ್ಲಿ ಕೆಲಸ ಮಾಡಿದ ವಾಲ್ಟರ್ ಬಾಸ್‌ಹಾರ್ಟ್ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ, ತಯಾರಿಕೆ ಎರಡನ್ನೂ ಕುರಿತು ಬರೆದ ಇಂಗ್ಲಿಷ್ ಪುಸ್ತಕವನ್ನು 1983ರಲ್ಲಿ ಟಾಟಾ ಮೆಗ್ರಾ ಹಿಲ್ ಪ್ರಕಟಿಸಿತು. ಹಿರಿಯರ ಪ್ರತಿಗೆ ಬೈಂಡು ಕಿತ್ತುಹೋಗಿದೆ, ಅಂಚಿನ ತುಂಬ ಕನ್ನಡದಲ್ಲಿ ಟಿಪ್ಪಣಿಗಳು.

ಆ ಟಿಪ್ಪಣಿಗಳಲ್ಲಿ ಹೆಚ್ಚಿನವು ಎರಡು ವಿಷಯದವು. ಒಂದು, ಗೆರೆಯ ಅಗಲ. ಬೋರ್ಡಿನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. 1 ಮಿ.ಮೀ. ಅಗಲದ ಗೆರೆ ಹೆಚ್ಚು ಬಿಸಿಯಾಗದೆ 2 ಆಂಪಿಯರ್ ಸುಮಾರಿಗೆ ಹೊರುತ್ತದೆ. ಅದಕ್ಕಿಂತ ಸಣ್ಣ ಗೆರೆಯಲ್ಲಿ ಹೆಚ್ಚು ಹರಿಸಿದರೆ ಗೆರೆಯೇ ಫ್ಯೂಸ್ ಆಗುತ್ತದೆ. ಇನ್ನೊಂದು, ಕರೆಂಟ್ ವಾಪಸ್ ಬರುವ ದಾರಿ. ಹೋಗುವ ಗೆರೆಯನ್ನು ಎಲ್ಲರೂ ಜೋಪಾನವಾಗಿ ಎಳೆಯುತ್ತಾರೆ, ವಾಪಸ್ ಬರುವುದನ್ನು ಉಳಿದ ಜಾಗದಲ್ಲಿ ತುರುಕುತ್ತಾರೆ. ರಿಲೇಯ ಜೋರು ಕರೆಂಟೂ ಸೂಕ್ಷ್ಮ ಅಳತೆಯ ಕರೆಂಟೂ ಒಂದೇ ಸಣ್ಣ ಗೆರೆಯಲ್ಲಿ ವಾಪಸ್ ಬಂದರೆ, ರಿಲೇ ಟಕ್ ಎಂದಾಗಲೆಲ್ಲ ಅಳತೆ ಅಲುಗುತ್ತದೆ. ಡೇರಿಯ ತೂಕದ ಯಂತ್ರದಲ್ಲಿ ಹೀಗಾದರೆ ಹೋಗುವುದು ಹಾಲು ಹಾಕಿದವರ ದುಡ್ಡು. ಐಸಿಯ ಪಕ್ಕದಲ್ಲೇ ಇರಬೇಕಾದ 0.1 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಜಾಗ ಸಿಕ್ಕಿತೆಂದು ದೂರದ ಮೂಲೆಗಿಡುವುದೂ ಇಂಥದ್ದೇ ತಪ್ಪು.

ಕಂಪ್ಯೂಟರ್ ಬಂದ ಮೇಲೆ ಟೇಪು ಹೋಯಿತು, ಕುಗ್ಗುವುದು ಹೋಯಿತು, ಇಂಚಿನ ಲೆಕ್ಕವೂ ಬಹುಮಟ್ಟಿಗೆ ತಾನಾಗಿಯೇ ಸರಿಹೋಯಿತು. ಈಗ ಕೈಕ್ಯಾಡ್‌ನಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಳ್ಳಿಯಲ್ಲಿ ಕೂತೇ ಕಲಿಯಬಹುದು. ಗೆರೆಗೆ ಗೆರೆ ತಾಗಿದರೆ ಅದು ಎಚ್ಚರಿಸುತ್ತದೆ. ಆದರೆ ಎಷ್ಟು ಅಂತರ ಬೇಕೆಂದು ನಾವು ಹೇಳಿಕೊಡಬೇಕು. ಹೇಳದಿದ್ದರೆ ಮೊದಲೇ ತುಂಬಿಟ್ಟ ಅಂಕಿಯನ್ನೇ, ಅದು 0.2 ಮಿ.ಮೀ. ಇದ್ದರೂ, ಎಲ್ಲ ಗೆರೆಗೂ ಹಿಡಿಯುತ್ತದೆ. ಯಾವ ಗೆರೆಯಲ್ಲಿ 5 ವೋಲ್ಟ್, ಯಾವುದರಲ್ಲಿ 415 ಎಂದು ಅದಕ್ಕೇನು ಗೊತ್ತು?

ಸುಟ್ಟ ಬೋರ್ಡಿನ ಕಥೆ ಇಷ್ಟೇ. ಫೇಸ್ ಬರುವ ಗೆರೆಗೂ 5 ವೋಲ್ಟಿನ ಗೆರೆಗೂ ನಡುವೆ 2 ಮಿ.ಮೀ. ಜಾಗವಿತ್ತು. 230 ವೋಲ್ಟಿಗೇ 6 ಮಿ.ಮೀ. ಅಥವಾ ಹೆಚ್ಚು ಬಿಡುವುದು ರೂಢಿ. ವರ್ಕ್‌ಶಾಪಿನ ಮೇಜಿನ ಮೇಲೆ 2 ಮಿ.ಮೀ. ಸಾಕಾಗಿರಬೇಕು, ಟೆಸ್ಟ್ ಪಾಸಾಗಿದೆ. ತೋಟದ ಪೆಟ್ಟಿಗೆಯಲ್ಲಿ ಧೂಳು, ಇರುವೆ ತಂದ ಮಣ್ಣು, ಗೊಬ್ಬರದ ಉಪ್ಪು ಕೂರುತ್ತವೆ. ಕಾರ್ತಿಕದ ಇಬ್ಬನಿಯಲ್ಲಿ ಅವು ನೆನೆದರೆ ಕರೆಂಟ್ ಸಣ್ಣಗೆ ಜಿನುಗತೊಡಗುತ್ತದೆ. ಜಿನುಗಿದ ಕಡೆ ಬೋರ್ಡಿನ ಮೈ ಕರಕಲಾಗುತ್ತದೆ. ಕರಕಲಿನಲ್ಲಿ ಕರೆಂಟ್ ಇನ್ನೂ ಸಲೀಸು. ಹೀಗೆ ದಿನಕ್ಕಿಷ್ಟು ಮುಂದುವರಿದು ಒಂದು ಬೆಳಗ್ಗೆ ಎರಡೂ ಗೆರೆ ಕೂಡಿಬಿಟ್ಟಿವೆ. ಹಲ್ಲಿಯ ಪಾತ್ರವಿಲ್ಲ.

ಹೊಸ ಬೋರ್ಡು ಬಂದಾಗ ಸ್ಕೇಲ್ ಇಟ್ಟು ನೋಡಿದೆವು. ಅದೇ ನಕ್ಷೆ, ಅದೇ 2 ಮಿ.ಮೀ. ತಯಾರಿಸಿದವರಿಗೆ ಫೋನ್ ಮಾಡಿದರೆ ಈವರೆಗೆ ಯಾರೂ ದೂರಿಲ್ಲ ಎಂಬ ಉತ್ತರ. ಹಿರಿಯರು ಹೇಳಿಕೊಟ್ಟಂತೆ, ಬೋರ್ಡನ್ನು ಕೂರಿಸುವ ಮೊದಲೇ ಮೆಕ್ಯಾನಿಕ್ ಎರಡು ಗೆರೆಗಳ ನಡುವೆ, ತಾಮ್ರಕ್ಕೆ ತಾಗದಂತೆ, ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೂ ಸೀಳು ಕೊಯ್ದ. ಧೂಳು ಕೂರಲು ಅಲ್ಲಿ ಈಗ ಮೈಯೇ ಇಲ್ಲ. ಮೇಲೆ ಎರಡು ಕೈ ಇನ್ಸುಲೇಟಿಂಗ್ ವಾರ್ನಿಷ್ ಹೊಡೆದು ಒಣಗಿಸಿದ. ಪೆಟ್ಟಿಗೆಯ ಕೆಳಗಿನ ತೂತಿಗೆ ಇರುವೆ ಬಾರದಂತೆ ಎಂ-ಸೀಲ್ ತುಂಬಿದ. ಊರಿನ ಇನ್ನೂ ಏಳು ಪೆಟ್ಟಿಗೆಗಳಲ್ಲಿ ಇದೇ ಬೋರ್ಡು ಇದೆ. ಈ ವಾರ ಅವನ್ನು ಬಿಚ್ಚಬೇಕು.