ಮುತ್ಯಾನ ಕುತ್ತಿಗೆಯ ಎಕ್ಸ್-ರೇ

ಹುಣಸಗಿ ಎಂದೊಡನೆ ಇತಿಹಾಸ ವಿಭಾಗದ ಗೆಳೆಯರು ಕೆ. ಪದ್ದಯ್ಯ ಅವರನ್ನೂ ಇಸಾಂಪುರದ ಶಿಲಾಯುಗದ ಕೈಗೊಡಲಿಗಳನ್ನೂ ನೆನೆಯುತ್ತಾರೆ. ನನಗೆ ನೆನಪಾಗುವುದು ಮುತ್ಯಾನ ಕುತ್ತಿಗೆ. ಹಿಂದಿನಿಂದ ಕೂಗಿದರೆ ಆತ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದ. “ಕುತ್ತಿಗಿ ಹೊಳ್ಳವಲ್ದು ತಮ್ಮಾ” ಎನ್ನುತ್ತಿದ್ದ.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು, ವಯಸ್ಸಿನ ಸವೆತ ಎಂದು ಗುಳಿಗೆ ಕೊಟ್ಟು ಕಳಿಸಿದರು. ಎರಡು ವರ್ಷದ ಮೇಲೆ ಕೈಯಿಂದ ತಂಬಿಗೆ ಜಾರತೊಡಗಿತು. ಬೇರೊಬ್ಬ ವೈದ್ಯರು ಅದೇ ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿದು, “ಯಾವ ನೀರು ಕುಡೀತೀರಿ?” ಎಂದು ಕೇಳಿದರು. ಬರೀ ಸವೆತವಾದರೆ ಮೂಳೆ ಇಷ್ಟು ಬೆಳ್ಳಗೆ ಕಾಣುವುದಿಲ್ಲವಂತೆ.

ಆ ಪ್ರಶ್ನೆಗೊಂದು ಇತಿಹಾಸವಿದೆ. ರಾಂಟ್ಜೆನ್ 1895ರಲ್ಲಿ ಕಿರಣ ಕಂಡರು. 1932ರಲ್ಲಿ ಕೋಪನ್‌ಹೇಗನ್ನಿನ ಕ್ರಯೊಲೈಟ್ ಕಾರ್ಮಿಕರ ಎಕ್ಸ್-ರೇಗಳಲ್ಲಿ ಮೂಳೆ ವಿಪರೀತ ಗಟ್ಟಿಯಾಗಿರುವುದು ಗೊತ್ತಾಯಿತು. ಕಾರಣ ಫ್ಲೋರೈಡಿನ ದೂಳು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ಇದೇ ರೋಗವನ್ನು ಗುರುತಿಸಿದರು. ಅಲ್ಲಿ ಫ್ಲೋರೈಡ್ ಬಂದದ್ದು ಕುಡಿಯುವ ನೀರಿನಿಂದ.

ಫ್ಲೋರೈಡ್ ಮೂಳೆಯೊಳಗೆ ಸೇರಿ ಅದನ್ನು ದಪ್ಪಗಾಗಿಸುತ್ತದೆ, ಮೂಳೆಗಳನ್ನು ಬಿಗಿದಿಟ್ಟ ಅಸ್ಥಿರಜ್ಜುಗಳು ಸುಣ್ಣಗಟ್ಟುತ್ತವೆ. ಕುತ್ತಿಗೆಯ ಏಳು ಕಶೇರುಗಳ ನಡುವಿನ ನಾಳ ಮೊದಲೇ ಇಕ್ಕಟ್ಟು. ಅದು ಇನ್ನಷ್ಟು ಕಿರಿದಾದಾಗ ಬೆನ್ನುಹುರಿ ನಲುಗುತ್ತದೆ, ಕೈಕಾಲು ಸೋಲುತ್ತವೆ. ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಹುರಿ ಕಾಣದು. 1971ರಲ್ಲಿ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಬಂದಾಗಲೂ ಅದು ತಲೆಗಷ್ಟೇ ಸೀಮಿತ. ಕುತ್ತಿಗೆಯ ಸರದಿ ಆಮೇಲೆ ಬಂತು. ಹುರಿ ಎಲ್ಲಿ ಒತ್ತಿದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿದ್ದು ಎಂಆರ್‌ಐ. ಮುತ್ಯಾನದು ಎರಡು ಕಡೆ ಒತ್ತಿತ್ತು.

ನನ್ನ ಪಿಎಚ್‌.ಡಿ. ವಿಷಯ ನಮ್ಮ ಭಾಗದ ಕುಡಿಯುವ ನೀರು. ಮೆಟ್ಟಿಲುಬಾವಿಗಳ ಕಾಲದಲ್ಲಿ ಇಲ್ಲಿ ನಾರುಹುಣ್ಣಿನ ಕಾಟ. 1980ರ ದಶಕದ ನಿರ್ಮೂಲನಾ ಕಾರ್ಯಕ್ರಮದಲ್ಲಿ ಜನರನ್ನು ಆ ಬಾವಿಗಳಿಂದ ಕೈಪಂಪಿನತ್ತ ತಿರುಗಿಸಲಾಯಿತು. ಗೆಲುವು ದೊಡ್ಡದೇ, 2000ರಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಆದರೆ ಗ್ರಾನೈಟಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಬಂಡೆಯ ಫ್ಲೋರೈಡನ್ನೂ ಹೊತ್ತು ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಕೊಳವೆಬಾವಿಗಳು ಯಾದಗಿರಿ ಜಿಲ್ಲೆಯಲ್ಲಿ ಹೊಸ ಸುದ್ದಿಯಲ್ಲ. ಕಡತಗಳಲ್ಲಿ ಒಂದು ಇಲಾಖೆಯ ಯಶಸ್ಸು, ಇನ್ನೊಂದರ ಸಮಸ್ಯೆ. ಮುತ್ಯಾನ ಕುತ್ತಿಗೆಯಲ್ಲಿ ಎರಡೂ ಒಟ್ಟಿಗಿದ್ದವು.

ಆ ಫಿಲ್ಮು ಈಗ ನನ್ನ ಮೇಜಿನ ಮೇಲಿದೆ. ಹದಿನಾರು ವರ್ಷ ನಾನೂ ಅದೇ ಪಂಪಿನ ನೀರು ಕುಡಿದವನು. ನನ್ನ ಎಕ್ಸ್-ರೇ ಇನ್ನೂ ತೆಗೆಸಿಲ್ಲ.