ವೋಬಾನ್

ಜರ್ಮನಿಯ ಫ್ರೈಬುರ್ಗ್ ನಗರದ ದಕ್ಷಿಣ ಭಾಗದ ಬಡಾವಣೆ. ಇಂಧನ ಮಿತವ್ಯಯಕ್ಕೂ ಸೌರಶಕ್ತಿಯ ಬಳಕೆಗೂ ಹೆಸರಾಗಿದೆ. ಎರಡನೆಯ ಮಹಾಯುದ್ಧದ ಅನಂತರ ಇಲ್ಲಿ ಫ್ರೆಂಚ್ ಸೇನೆಯ ನೆಲೆಯಿತ್ತು. 17ನೆಯ ಶತಮಾನದ ಫ್ರೆಂಚ್ ಕೋಟೆ ನಿರ್ಮಾಣ ತಜ್ಞ ವೋಬಾನನ ಹೆಸರು ಆಗಲೇ ಬಂದದ್ದು. 1992ರಲ್ಲಿ ಸೇನೆ ತೆರಳಿದ ಮೇಲೆ ನಗರಾಡಳಿತ ಬಹುಪಾಲು ಜಾಗವನ್ನು ಕೊಂಡು, ನಾಗರಿಕರ ಸಹಭಾಗಿತ್ವದಲ್ಲಿ ಬಡಾವಣೆಯನ್ನು ರೂಪಿಸಿತು.

ಇಂಧನ ವ್ಯವಸ್ಥೆ: ಹೊಸ ಮನೆಗಳನ್ನು ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 65 ಕಿಲೊವ್ಯಾಟ್-ಗಂಟೆಗಿಂತ ಹೆಚ್ಚು ಶಕ್ತಿ ಬಳಸಬಾರದೆಂಬ ನಿಯಮವಿತ್ತು. ‘ಪ್ಯಾಸಿವ್ ಹೌಸ್’ ಮಾದರಿಯ ಮನೆಗಳಲ್ಲಿ ಈ ಮಿತಿ 15. ದಪ್ಪನೆಯ ಶಾಖನಿರೋಧಕ ಗೋಡೆ, ಮೂರು ಪದರದ ಗಾಜಿನ ಕಿಟಕಿ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ವಾತಾಯನ ಇವುಗಳಿಂದ ಇದು ಸಾಧ್ಯವಾಗುತ್ತದೆ. ಮರದ ಚೂರುಗಳನ್ನು ಉರಿಸುವ ಸ್ಥಾವರವೊಂದು ವಿದ್ಯುತ್ತನ್ನು ಉತ್ಪಾದಿಸಿ, ಅದರ ಶಾಖವನ್ನು ಕೊಳವೆಗಳ ಮೂಲಕ ಮನೆಗಳಿಗೆ ಒದಗಿಸುತ್ತದೆ. ವಾಸ್ತುಶಿಲ್ಪಿ ರಾಲ್ಫ್ ಡಿಶ್ ವಿನ್ಯಾಸಗೊಳಿಸಿದ ‘ಸೌರ ವಸತಿ’ಯ ಮನೆಗಳು ತಾವು ಬಳಸುವುದಕ್ಕಿಂತ ಹೆಚ್ಚು ಶಕ್ತಿಯನ್ನು ವರ್ಷದಲ್ಲಿ ಉತ್ಪಾದಿಸುತ್ತವೆ, ಮಿಗತೆ ವಿದ್ಯುತ್ತು ಜಾಲಕ್ಕೆ ಮಾರಾಟವಾಗುತ್ತದೆ.

ಸಾರಿಗೆ: ಹೆಚ್ಚಿನ ವಸತಿ ಬೀದಿಗಳಲ್ಲಿ ಕಾರು ನಿಲುಗಡೆಗೆ ಅವಕಾಶವಿಲ್ಲ. ಕಾರುಳ್ಳವರು ಬಡಾವಣೆಯ ಅಂಚಿನ ಬಹುಮಹಡಿ ನಿಲ್ದಾಣದಲ್ಲಿ ಜಾಗ ಕೊಳ್ಳಬೇಕು. 2006ರಿಂದ ಟ್ರಾಮ್ ಸೇವೆಯಿದೆ.