ದಂಡಿನ ಕಾಲ್ಚೆಂಡಾಟ ಮತ್ತು ಬರೆಯದೆ ಉಳಿದ ಪ್ರಣಯ

ಇಂಗ್ಲಿಷಿನ ಜನಪ್ರಿಯ ಕಾದಂಬರಿಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಪ್ರಭೇದವು ಕಾಣಿಸಿಕೊಂಡಿದೆ. ಸ್ಕಾಟ್ಲೆಂಡಿನ ಯಾವುದೋ ಒಂದು ಹವ್ಯಾಸಿ ಫುಟ್‌ಬಾಲ್ ತಂಡ. ಸಂಬಳವಿಲ್ಲದೆ, ಕೇವಲ ಆಟದ ಮೇಲಣ ಪ್ರೀತಿಯಿಂದ ಆಡುವ ತರುಣರು. ಅವರಲ್ಲಿ ಇಬ್ಬರಿಗೆ ಪರಸ್ಪರ ಅನುರಾಗ. ನಡುವೆ ವಿಘ್ನಗಳು, ಕೊನೆಗೆ ಮಿಲನ. ಪಂಡಿತರು ಇವನ್ನು ಸಾಹಿತ್ಯವೆಂದು ಎಣಿಸಲಾರರು. ನಾನಾದರೂ ಇಂಥದೊಂದನ್ನು ಓದಿದ್ದು ಸ್ವಂತ ಇಚ್ಛೆಯಿಂದಲ್ಲ. ನಮ್ಮ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನು ಪುಸ್ತಕವನ್ನು ಮೇಜಿನ ಮೇಲಿಟ್ಟು, "ಸಾರ್, ನಮ್ಮ ದಂಡಿನಲ್ಲಿಯೂ ಸ್ಕಾಟರಿದ್ದರು, ಫುಟ್‌ಬಾಲೂ ಇತ್ತು. ಈ ಕಥೆ ಮಾತ್ರ ಇರಲಿಲ್ಲವೇ?" ಎಂದು ಕೇಳಿದನು. ಆಗ ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆಯು ನಗುವಿನಿಂದ ತೀರುವಂಥದ್ದಲ್ಲ. ಚರಿತ್ರಕಾರನಾದವನು ಇದಕ್ಕೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲನು, ಎಲ್ಲಿ ನಿಲ್ಲಬೇಕು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಬೆಂಗಳೂರಿಗೂ ಸ್ಕಾಟರಿಗೂ ಉಳ್ಳ ಸಂಬಂಧವು ದಂಡಿಗಿಂತ ಹಳೆಯದು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲೀಸನು ಬೆಂಗಳೂರು ಕೋಟೆಯನ್ನು ಹಿಡಿದಾಗ ಅವನ ಸೈನ್ಯದಲ್ಲಿ ಹೈಲ್ಯಾಂಡ್ ಪಡೆಗಳಿದ್ದುವು. ಶ್ರೀರಂಗಪಟ್ಟಣದ ಹವೆಯು ಗೋರಾ ಸಿಪಾಯಿಗಳಿಗೆ ಹಿಡಿಸದೆ 1809ರಲ್ಲಿ ಹಲಸೂರಿನ ಕೆರೆಯ ಆಸುಪಾಸಿನಲ್ಲಿ ದಂಡು ನೆಲಸಿತು. ಪ್ರೆಸ್ಬಿಟೇರಿಯನ್ ಮತದ ಸ್ಕಾಟರಿಗಾಗಿ ಕಬ್ಬನ್ ರಸ್ತೆಯಲ್ಲಿ ಸಂತ ಆಂಡ್ರೂಸರ ದೇವಾಲಯಕ್ಕೆ 1864ರಲ್ಲಿ ಅಸ್ತಿಭಾರ ಹಾಕಲಾಯಿತು. ಅದರ ಗಡಿಯಾರದ ಗೋಪುರವನ್ನು ಇಂದಿಗೂ ನೋಡಬಹುದು. ಭಾರತದಲ್ಲಿ ಕಾಲ್ಚೆಂಡಾಟವನ್ನು ಬೇರೂರಿಸಿದ ಸೈನಿಕರಲ್ಲಿ ಸ್ಕಾಟರೇ ಅಗ್ರಗಣ್ಯರೆಂಬುದಕ್ಕೆ ಡ್ಯುರಾಂಡ್ ಕಪ್ಪಿನ ಪಟ್ಟಿಯೊಂದೇ ಸಾಕು. 1888ರಲ್ಲಿ ಸಿಮ್ಲೆಯಲ್ಲಿ ನಡೆದ ಮೊದಲ ಅಂತಿಮ ಪಂದ್ಯದಲ್ಲಿ ಎದುರುಬದುರಾದುವು ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಮತ್ತು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ, ಎರಡೂ ಸ್ಕಾಟಿಷ್ ಪಡೆಗಳೇ. ಅಲ್ಲಿಂದ 1899ರ ವರೆಗಿನ ಹನ್ನೆರಡು ವರ್ಷಗಳಲ್ಲಿ ಕಪ್ಪು ಸ್ಕಾಟರ ಕೈತಪ್ಪಿದ್ದು 1896ರಲ್ಲಿ ಒಮ್ಮೆ ಮಾತ್ರ.

ಗೋರಾ ಸಿಪಾಯಿಗಳ ಆಟವನ್ನು ಬೇಲಿಯಾಚೆಯಿಂದ ನೋಡಿದ ದಂಡಿನ ಹುಡುಗರು ಅದನ್ನು ಬರಿಗಾಲಿನಲ್ಲಿ ಕಲಿತರು. ತಮಿಳು, ಉರ್ದು, ತೆಲುಗು, ಕನ್ನಡಗಳನ್ನು ಒಂದೇ ಉಸಿರಿನಲ್ಲಿ ಬೆರೆಸಿ ಮಾತನಾಡುವ ಬಸ್ತಿಗಳು ಆಟಗಾರರ ತವರಾದುವು. 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆ ಕಪ್ಪನ್ನು ಪಡೆದ ಮೊದಲ ಭಾರತೀಯ ತಂಡವೇ ಅದು. ಮರುವರ್ಷ 1938ರಲ್ಲಿ ಮತ್ತೆ ಗೆದ್ದಿತು. ಆ ಸಲ ಅಂತಿಮ ಪಂದ್ಯದಲ್ಲಿ ಸೋತದ್ದು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಡೆ. ಆಟವನ್ನು ತಂದವರನ್ನೇ ಆಟದಲ್ಲಿ ಮಣಿಸಿದ ಈ ಪ್ರಸಂಗವು ನಮ್ಮ ಪಠ್ಯಪುಸ್ತಕಗಳಲ್ಲಿ ಏಕೆ ಸ್ಥಾನ ಪಡೆದಿಲ್ಲವೋ ತಿಳಿಯದು. 1946-47ರಲ್ಲಿ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಪರವಾಗಿ ಮೊದಲ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಹೆಸರಾದರು.

ಗೆದ್ದವರಾರು, ಸೋತವರಾರು, ಅಂತರವೆಷ್ಟು ಎಂಬುದೆಲ್ಲವೂ ಬರೆಯಲ್ಪಟ್ಟಿದೆ. ಪಂದ್ಯ ಮುಗಿದ ಮೇಲೆ ಯಾರು ಯಾರ ಜೊತೆಯಲ್ಲಿ ಮನೆಯವರೆಗೆ ನಡೆದು ಹೋದರು ಎಂಬುದನ್ನು ಬರೆದವರಿಲ್ಲ. ಸಂಕೋಚವು ಇದಕ್ಕೆ ಒಂದು ಕಾರಣವಾದರೆ, ಕಾನೂನು ಇನ್ನೊಂದು ಕಾರಣ. ಮೆಕಾಲೆಯ ಕರಡಿನಿಂದ ಬೆಳೆದುಬಂದ 1860ರ ಭಾರತೀಯ ದಂಡಸಂಹಿತೆಯ 377ನೆಯ ವಿಧಿಯು ಗಂಡಸರ ಪರಸ್ಪರ ದೇಹಸಂಬಂಧವನ್ನು ಆಜೀವ ಶಿಕ್ಷೆಯ ವರೆಗೆ ಎಳೆಯಬಲ್ಲ ಅಪರಾಧವನ್ನಾಗಿ ಮಾಡಿತು. ಅದೇ ಆಡಳಿತವು ಇನ್ನೊಂದು ಕಡೆ ಸಾವಿರಾರು ತರುಣರನ್ನು ಬ್ಯಾರಕ್ಕುಗಳಲ್ಲಿ ತುಂಬಿ, ಅವರಲ್ಲಿ ಕೆಲವರಿಗೆ ಮಾತ್ರ ಮದುವೆಯ ಅನುಮತಿಯನ್ನು ಕೊಡುತ್ತಿತ್ತು. ಇದರ ಪರಿಣಾಮವೇನೆಂಬುದು ಅಧಿಕಾರಿಗಳಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ದಂಡುಪ್ರದೇಶಗಳಲ್ಲಿ ವೇಶ್ಯಾವೃತ್ತಿಯನ್ನು ಸರಕಾರವು ನಿಯಂತ್ರಿಸಿ ಪೋಷಿಸಿದ್ದಕ್ಕೆ, ಸ್ತ್ರೀಸಂಗವಿಲ್ಲದ ಸಿಪಾಯಿಗಳು ತಮ್ಮತಮ್ಮಲ್ಲಿಯೇ ಒಲಿದಾರು ಎಂಬ ಭಯವೂ ಒಂದು ಕಾರಣವಾಗಿತ್ತೆಂದು ಕೆನೆತ್ ಬ್ಯಾಲ್‌ಹ್ಯಾಚೆಟ್ಟರು 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ದಣಿಯುವಂತೆ ಆಡಿಸಿದರೆ ತರುಣರ ಮನಸ್ಸು ಶುದ್ಧವಾಗಿರುವುದೆಂಬುದು ವಿಕ್ಟೋರಿಯಾ ಕಾಲದ ಶಾಲೆಗಳ ನಂಬಿಕೆ. ಸೈನ್ಯವೂ ಅದನ್ನೇ ನಂಬಿತ್ತು. ಎಂದರೆ, ಯಾವ ಒಲವನ್ನು ಬ್ಯಾರಕ್ಕಿನಿಂದ ಹೊರಗಿಡಲು ಮೈದಾನವನ್ನು ಕಟ್ಟಿದರೋ, ಅದೇ ಒಲವಿಗೆ ಆ ಮೈದಾನವನ್ನೇ ನೆಲೆಯಾಗಿ ಈ ಕಾದಂಬರಿಗಳು ಕೊಟ್ಟಿವೆ.

ಹೀಗಾಗಿ ಸಂಶೋಧಕನ ಮುಂದೆ ಎರಡೇ ಬಗೆಯ ಕಾಗದಗಳು ಉಳಿಯುತ್ತವೆ. ಒಂದು ಕ್ರೀಡೆಯ ದಾಖಲೆ: ಅದರಲ್ಲಿ ಸ್ನೇಹವುಂಟು, ದೇಹವಿಲ್ಲ. ಇನ್ನೊಂದು ಪೋಲೀಸು, ನ್ಯಾಯಾಲಯ, ಆಸ್ಪತ್ರೆಗಳ ದಾಖಲೆ: ಅದರಲ್ಲಿ ದೇಹವುಂಟು, ಸ್ನೇಹವಿಲ್ಲ. ಎರಡನ್ನೂ ಜೋಡಿಸಿ ಒಬ್ಬ ಮನುಷ್ಯನನ್ನು ಕಾಣುವ ಅವಕಾಶವು ನಮಗೆ ತೀರ ವಿರಳ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಹಳೆಯ ತಂಡಗಳ ಭಾವಚಿತ್ರಗಳಲ್ಲಿ ಆಟಗಾರರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ನಿಂತಿರುವುದು ಸಾಮಾನ್ಯ. ಅದನ್ನು ನೋಡಿ ಪ್ರಣಯವನ್ನು ಊಹಿಸುವುದು ಶಾಸ್ತ್ರವಲ್ಲ. ನಮ್ಮ ನಾಡಿನಲ್ಲಿ ಗಂಡಸರು ಕೈಕೈ ಹಿಡಿದು ಬೀದಿಯಲ್ಲಿ ನಡೆಯುವುದು ಸಹಜವಾದ ಗೆಳೆತನ. ಪರದೇಶಗಳಿಂದ ಬಂದವರು ಅದನ್ನು ತಪ್ಪಾಗಿ ಓದಿದ್ದುಂಟು. ಆದರೆ ಇದರ ಇನ್ನೊಂದು ಮುಖವನ್ನು ನಮ್ಮ ವಿದ್ವಾಂಸರು ಮರೆಯುತ್ತಾರೆ. ಪ್ರಮಾಣವಿಲ್ಲವೆಂದು ಪ್ರಣಯವನ್ನು ಹೇಳಲಾಗದಾದರೆ, ಅದೇ ಪ್ರಮಾಣವಿಲ್ಲದೆ, ಅದು ಇರಲೇ ಇಲ್ಲವೆಂದು ಹೇಳುವುದೂ ಆಗದು. 'ಗೆಳೆಯ' ಎಂಬ ಕನ್ನಡದ ಮಾತು ಎಷ್ಟು ವಿಶಾಲವೆಂದರೆ ಅದರ ನೆರಳಿನಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಕಾನೂನಿನ ಕಣ್ಣಿಗೆ ಬೀಳಬಾರದೆಂದಿದ್ದವರಿಗೆ ಆ ನೆರಳು ಆಶ್ರಯವಾಗಿತ್ತು. ಚರಿತ್ರೆಗೆ ಮಾತ್ರ ಅದು ಕತ್ತಲೆಯಾಯಿತು.

ದಾಖಲೆಯು ಕೊಡಲಾರದ್ದನ್ನು ಕಾದಂಬರಿಯು ಕೊಡಬಲ್ಲದು. ಆದರೆ ಕಾದಂಬರಿಗೂ ಕಾನೂನಿನ ಹಂಗು ತಪ್ಪಿದ್ದಲ್ಲ. ಇ. ಎಂ. ಫಾರ್ಸ್ಟರರು 'ಮಾರಿಸ್' ಎಂಬ ಕಾದಂಬರಿಯನ್ನು 1913-14ರಲ್ಲಿಯೇ ಬರೆದರು. ಇಬ್ಬರು ಗಂಡಸರ ಒಲವು ಸುಖವಾಗಿ ಮುಗಿಯಬೇಕೆಂಬುದು ಅವರ ಹಟ. ಆ ಸುಖಾಂತ್ಯದ ದೆಸೆಯಿಂದಲೇ ಪುಸ್ತಕವು ಅವರ ಜೀವಿತಕಾಲದಲ್ಲಿ ಬೆಳಕನ್ನು ಕಾಣದೆ 1971ರಲ್ಲಿ ಮರಣೋತ್ತರವಾಗಿ ಪ್ರಕಟವಾಯಿತು. ಪ್ರೇಮಿಗಳು ಸತ್ತರೆ ಅಥವಾ ಪಶ್ಚಾತ್ತಾಪಪಟ್ಟರೆ ಸಮಾಜವು ಕ್ಷಮಿಸೀತು, ಸುಖವಾಗಿದ್ದರೆ ಕ್ಷಮಿಸದು. ಇಂಗ್ಲೆಂಡಿನಲ್ಲಿ 1967ರಲ್ಲಿ ಸಡಿಲವಾದ ಕಾನೂನು ಸ್ಕಾಟ್ಲೆಂಡಿನಲ್ಲಿ 1980ರ ವರೆಗೂ ಸಡಿಲವಾಗಲಿಲ್ಲ. 1990ರಲ್ಲಿ ತನ್ನ ಒಲವನ್ನು ಬಹಿರಂಗವಾಗಿ ಹೇಳಿಕೊಂಡ ವೃತ್ತಿನಿರತ ಆಟಗಾರ ಜಸ್ಟಿನ್ ಫಶಾನು ಮುಂದೆ ಸ್ಕಾಟ್ಲೆಂಡಿನ ಏರ್ಡ್ರಿಯೋನಿಯನ್ಸ್ ಮತ್ತು ಹಾರ್ಟ್ಸ್ ತಂಡಗಳಲ್ಲಿ ಆಡಿ, 1998ರಲ್ಲಿ ಆತ್ಮಹತ್ಯೆಮಾಡಿಕೊಂಡನು. ಅವನ ಅನಂತರ ಸ್ಕಾಟ್ಲೆಂಡಿನಲ್ಲಿ ಆಡುತ್ತಿದ್ದ ಒಬ್ಬ ಆಟಗಾರನು ಅದೇ ಮಾತನ್ನು ಹೇಳಲು 2022ರ ವರೆಗೆ ಕಾಯಬೇಕಾಯಿತು. ಗಾಲಾ ಫೇರಿಡೀನ್ ರೋವರ್ಸಿನ ಜಾಂಡರ್ ಮರ್ರಿಯೇ ಆತ. 2014ರಿಂದ ಸ್ಕಾಟ್ಲೆಂಡಿನಲ್ಲಿ ಇಬ್ಬರು ಗಂಡಸರು ಮದುವೆಯಾಗಬಹುದು. ನಾವು ಹಗುರವಾಗಿ ಕಾಣುವ ಆ ಕಾದಂಬರಿಗಳ ಕೊನೆಯ ಪುಟವು ಸಾಧ್ಯವಾದದ್ದು ಈ ಹಿನ್ನೆಲೆಯಲ್ಲಿ.

ಬೆಂಗಳೂರಿನ ವೃತ್ತಾಂತವು ಬೇರೆ ದಾರಿಯನ್ನು ಹಿಡಿಯಿತು. ಇಲ್ಲಿ 1994ರಲ್ಲಿ 'ಗುಡ್ ಆ್ಯಸ್ ಯೂ' ಎಂಬ ಪರಸ್ಪರಾಶ್ರಯದ ಗುಂಪು ಆರಂಭವಾಯಿತು. 2001ರಲ್ಲಿ ಪೌರಹಕ್ಕುಗಳ ಸಂಘಟನೆಯಾದ ಪಿ.ಯು.ಸಿ.ಎಲ್.ನ ಕರ್ನಾಟಕ ಶಾಖೆಯು, ಲೈಂಗಿಕ ಅಲ್ಪಸಂಖ್ಯಾತರು ಈ ನಗರದಲ್ಲಿ ಅನುಭವಿಸುತ್ತಿದ್ದ ಸುಲಿಗೆ, ಬೆದರಿಕೆಗಳನ್ನು ಕುರಿತು ವರದಿಯನ್ನು ಹೊರತಂದಿತು. ಮುಂದಿನ ಸಂಶೋಧಕರಿಗೆ ಇದು ಮೂಲಸಾಮಗ್ರಿ. 2009ರ ಜುಲೈ 2ರಂದು ದೆಹಲಿಯ ಉಚ್ಚ ನ್ಯಾಯಾಲಯವು 377ನೆಯ ವಿಧಿಯನ್ನು ಮೊಟಕುಗೊಳಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ಊರ್ಜಿತಗೊಳಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯವು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸಾರಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ದೊರೆಯಲಿಲ್ಲ. ಆದ್ದರಿಂದ ಹಲಸೂರಿನಲ್ಲಿ ನಡೆಯುವ ಇಂಥ ಕಥೆಯನ್ನು ಇಂದು ಒಬ್ಬರು ಬರೆದರೆ, ಅದರ ಕೊನೆಯ ಪುಟದಲ್ಲಿ ಪ್ರೇಮಿಗಳು ಬಿಡುಗಡೆಯಾಗಿ ಬಾಳಬಹುದೇ ಹೊರತು ಕಾನೂನಿನ ಕಣ್ಣಿನಲ್ಲಿ ದಂಪತಿಗಳಾಗುವಂತಿಲ್ಲ.

ವಿಧಿಯು ಮರಳಿ ಊರ್ಜಿತವಾದ 2013ರಲ್ಲಿಯೇ ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನವು ಕನ್ನಡದಲ್ಲಿ ಪ್ರಕಟವಾದದ್ದು ಗಮನಾರ್ಹ. ಮೋಹನಸ್ವಾಮಿಯು ಒಲಿದ ಕಾರ್ತಿಕನು ಹೆಣ್ಣನ್ನು ಮದುವೆಯಾಗಹೊರಡುತ್ತಾನೆ. ಅಲ್ಲಿನ ದುಃಖವು ಸತ್ಯವಾದದ್ದು, ಕನ್ನಡಕ್ಕೆ ಹೊಸದು. ಆದರೂ ಕನ್ನಡದ ಕಥೆಯು ದಂಡಿನ ಮೈದಾನದವರೆಗೆ ಬಂದಿಲ್ಲ. ಇದಕ್ಕೆ ಸಂಕೋಚವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. 1881ರಿಂದ 1947ರ ಜುಲೈವರೆಗೆ ದಂಡು ಮೈಸೂರು ಅರಸರ ಆಡಳಿತದ ಹೊರಗಿತ್ತು. 1949ರಲ್ಲಿ ನಗರಸಭೆಗಳೆರಡೂ ಒಂದಾದುವು. ಸಾಹಿತ್ಯದಲ್ಲಿ ಮಾತ್ರ ಗಡಿ ಅಳಿಯಲಿಲ್ಲ. ನಮ್ಮ ಕಾದಂಬರಿಕಾರರು ಬಸವನಗುಡಿ, ಮಲ್ಲೇಶ್ವರಗಳ ಜಗುಲಿಯನ್ನು ಬಲ್ಲಂತೆ ಆಸ್ಟಿನ್ ಟೌನಿನ ಮೈದಾನವನ್ನಾಗಲಿ, ಹಲಸೂರಿನ ಗೌತಮಪುರವನ್ನಾಗಲಿ ಬಲ್ಲವರಲ್ಲ. ಅಂಬೇಡ್ಕರರ ಪ್ರತಿಮೆಯಿರುವ ಕೇರಿಯಲ್ಲಿಯೇ ಬ್ರೆಜಿಲಿನ ಪೆಲೆಗೂ ಪ್ರತಿಮೆಯನ್ನು ನಿಲ್ಲಿಸಿದ ಗೌತಮಪುರವನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಈ ಮಾತು ಅರ್ಥವಾಗುತ್ತದೆ. ಆ ಕೇರಿಯ ಮಾತು ತಮಿಳು, ಆಟ ಫುಟ್‌ಬಾಲ್. ಎರಡೂ ನಮ್ಮ ವಿಮರ್ಶಕರ ಅಕ್ಕರೆಗೆ ಹೊರಗಾಗಿವೆ.

ಮೇಲೆ ಹೇಳಿದ ವಿದ್ಯಾರ್ಥಿಯು ಈಗ ಇದೇ ವಿಷಯವನ್ನು ತನ್ನ ಪ್ರೌಢಪ್ರಬಂಧಕ್ಕೆ ಆರಿಸಿಕೊಂಡಿದ್ದಾನೆ. ಸಂಜೆಯ ಹೊತ್ತು ಗಂಗಾಧರ ಚೆಟ್ಟಿ ರಸ್ತೆಯ ಆರ್.ಬಿ.ಎ.ಎನ್.ಎಂ. ಮೈದಾನದ ಅಂಚಿನಲ್ಲಿ ಕುಳಿತು ಹಿರಿಯ ಆಟಗಾರರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದಾನೆ. ಮೊದಲು ಪಂದ್ಯಗಳ ವಿಷಯವನ್ನೇ ಕೇಳಬೇಕೆಂದೂ, ಉಳಿದದ್ದನ್ನು ಅವರಾಗಿ ಹೇಳಿದರೆ ಮಾತ್ರ ಕೇಳಬೇಕೆಂದೂ, ಹೇಳಿದವರ ಹೆಸರು, ಬೀದಿ, ತಂಡ ಮೂರನ್ನೂ ಬದಲಿಸಿ ಬರೆಯಬೇಕೆಂದೂ ತಿಳಿಸಿದ್ದೇನೆ. ಇದುವರೆಗೆ ಅವನು ತಂದದ್ದೆಲ್ಲ ಗೋಲುಗಳ ವೃತ್ತಾಂತವೇ. ಕಳೆದ ವಾರ ಮಾತ್ರ ವೃದ್ಧರೊಬ್ಬರು, ತಮ್ಮ ಜೊತೆಗೆ ಎಡಪಕ್ಕದಲ್ಲಿ ಆಡುತ್ತಿದ್ದ ಗೆಳೆಯನ ವಿಷಯಕ್ಕೆ ಬಂದಾಗ ಮಾತು ನಿಲ್ಲಿಸಿ, ನಾಳೆ ಬಾ ಎಂದರಂತೆ.